ಆಟದ ಅಂಗಳವೂ ಜಮಾಖರ್ಚಿನ ಪುಸ್ತಕವೂ: ಅಮೆರಿಕದ ಸಣ್ಣ ವಿದ್ಯಾಸಂಸ್ಥೆಗಳ ಕ್ರೀಡಾವೆಚ್ಚವನ್ನು ಕುರಿತು ಎರಡು ಗ್ರಂಥಗಳ ವಿಮರ್ಶೆ

1

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊದಲನೆಯ ಪಂದ್ಯವೆಂದು ಹೆಸರಾಗಿರುವುದು 1852ನೆಯ ಇಸವಿಯ ದೋಣಿಸ್ಪರ್ಧೆ. ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ವಿನಿಪೆಸಾಕಿ ಸರೋವರದಲ್ಲಿ ಅಂದು ಹುಟ್ಟುಹಾಕಿದರು. ಅವರ ಪ್ರಯಾಣದ ಮತ್ತು ವಸತಿಯ ವೆಚ್ಚವನ್ನು ವಹಿಸಿಕೊಂಡದ್ದು ಒಂದು ರೈಲ್ವೆ ಕಂಪನಿ. ಸರೋವರದ ದಡಕ್ಕೆ ಪ್ರವಾಸಿಗರನ್ನು ಸೆಳೆಯುವುದು, ಆ ಮೂಲಕ ತನ್ನ ಗಾಡಿಗಳನ್ನು ತುಂಬಿಕೊಳ್ಳುವುದು ಆ ಕಂಪನಿಯ ಉದ್ದೇಶವಾಗಿತ್ತು. ಕಾಲೇಜು ಕ್ರೀಡೆ ಮೊದಲು ನಿರ್ಮಲವಾಗಿದ್ದು ಅನಂತರ ಹಣದ ಸೋಂಕಿನಿಂದ ಕೆಟ್ಟಿತು ಎಂದು ಹೇಳುವವರು ಬಹಳ ಮಂದಿ. ಇತಿಹಾಸದ ಅಧ್ಯಾಪಕರಾದ ನಾವು ಈ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ಅಂಥ ಮಾತನ್ನು ಸಂದೇಹದಿಂದ ನೋಡಬೇಕಾಗಿದೆ. ಹಣದ ಸಂಬಂಧ ಮೊದಲ ದಿನದಿಂದಲೂ ಇದ್ದುದೇ. ವಿಚಾರ ಮಾಡಬೇಕಾದದ್ದು ಆ ಹಣ ಯಾರದು, ಅದನ್ನು ಯಾರು ಯಾರಿಗಾಗಿ ವೆಚ್ಚ ಮಾಡುತ್ತಾರೆ, ಕೊಟ್ಟವರಿಗೆ ಆ ವಿಷಯ ತಿಳಿದಿದೆಯೇ ಎಂಬುದನ್ನು.

ಈ ವಿಷಯವನ್ನು ಕುರಿತು ಅಮೆರಿಕದಲ್ಲಿ ಹುಟ್ಟಿರುವ ಸಾಹಿತ್ಯ ಅಪಾರವಾದುದು. ಅದರಲ್ಲಿ ಎರಡು ಗ್ರಂಥಗಳನ್ನು ಇಲ್ಲಿ ಪರಿಶೀಲನೆಗೆ ತೆಗೆದುಕೊಂಡಿದ್ದೇವೆ. ಒಂದು, ಕಾರ್ನೆಗಿ ಪ್ರತಿಷ್ಠಾನವು 1929ರಲ್ಲಿ ತನ್ನ 23ನೆಯ ವರದಿಯಾಗಿ ಹೊರತಂದ ‘ಅಮೆರಿಕನ್ ಕಾಲೇಜ್ ಅಥ್ಲೆಟಿಕ್ಸ್’. ಇದರ ಮುಖ್ಯ ಕರ್ತೃ ಹೊವಾರ್ಡ್ ಸ್ಯಾವೇಜ್. ಮತ್ತೊಂದು, ಜೇಮ್ಸ್ ಷುಲ್ಮನ್ ಮತ್ತು ವಿಲಿಯಂ ಬೋವನ್ ಅವರು 2001ರಲ್ಲಿ ಪ್ರಕಟಿಸಿದ ‘ದಿ ಗೇಮ್ ಆಫ್ ಲೈಫ್’. ಇವೆರಡರ ನಡುವೆ ಎಪ್ಪತ್ತೆರಡು ವರ್ಷಗಳ ಅಂತರವಿದೆ. ಎರಡೂ ಪ್ರಾಮಾಣಿಕವಾದ, ಶ್ರಮಪೂರ್ಣವಾದ ಕೃತಿಗಳು. ಆದರೂ ಕೆಲವೇ ಸಾವಿರ ವಿದ್ಯಾರ್ಥಿಗಳುಳ್ಳ, ಮೂಲಧನ ಹೆಚ್ಚಿಲ್ಲದ ಸಣ್ಣ ಸಂಸ್ಥೆಯ ಕ್ರೀಡಾವೆಚ್ಚವನ್ನು ಅರಿಯಲು ಹೊರಟವನಿಗೆ ಇವೆರಡೂ ಅರ್ಧದಾರಿಯವರೆಗೆ ಮಾತ್ರ ಜೊತೆಗೊಡುತ್ತವೆ ಎಂಬುದು ನಮ್ಮ ಅಭಿಪ್ರಾಯ. ಅದು ಏಕೆ ಹಾಗೆ, ಉಳಿದರ್ಧ ದಾರಿಯಲ್ಲಿ ಏನಿದೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

2

ಕಾರ್ನೆಗಿ ವರದಿ ಹೊರಬಂದ ಕಾಲವನ್ನು ಮೊದಲು ನೆನೆಯಬೇಕು. 1905ರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟದ ಕ್ರೌರ್ಯ ದೇಶದಲ್ಲೆಲ್ಲ ಕೂಗೆಬ್ಬಿಸಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್‌ಸ್ಟನ್‌ಗಳ ಪ್ರತಿನಿಧಿಗಳನ್ನು ಕರೆಸಿ ಮಾತನಾಡಿದರು. ಮರುವರ್ಷ ಹುಟ್ಟಿದ ಸಂಘವೇ ಮುಂದೆ ರಾಷ್ಟ್ರೀಯ ಕಾಲೇಜು ಕ್ರೀಡಾಸಂಘವೆಂದು, ಅಂದರೆ ಎನ್‌ಸಿಎಎ ಎಂದು ಪ್ರಸಿದ್ಧವಾಯಿತು. ಆಟದ ನಿಯಮಗಳು ಸುಧಾರಿಸಿದವು; ಹಣದ ನಿಯಮಗಳು ಸುಧಾರಿಸಲಿಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ದೊಡ್ಡ ವಿಶ್ವವಿದ್ಯಾನಿಲಯಗಳು ಹತ್ತಾರು ಸಾವಿರ ಜನ ಕುಳಿತು ನೋಡಬಹುದಾದ ಕಾಂಕ್ರೀಟು ಕ್ರೀಡಾಂಗಣಗಳನ್ನು ಕಟ್ಟಿದವು. ಸ್ಯಾವೇಜ್ ಮತ್ತು ಅವರ ಸಂಗಡಿಗರು ಈ ಸಂದರ್ಭದಲ್ಲಿ 130 ಸಂಸ್ಥೆಗಳಿಗೆ ಹೋಗಿ, ಕಡತಗಳನ್ನು ನೋಡಿ, ಜನರನ್ನು ವಿಚಾರಿಸಿ ತಮ್ಮ ವರದಿಯನ್ನು ಸಿದ್ಧಪಡಿಸಿದರು. ಆಟಗಾರರನ್ನು ಆಮಿಷವೊಡ್ಡಿ ಕರೆತರುವ, ಗುಟ್ಟಾಗಿ ಹಣ ಕೊಡುವ ಪದ್ಧತಿ ತಾವು ಪರೀಕ್ಷಿಸಿದ ನಾಲ್ಕು ಸಂಸ್ಥೆಗಳಲ್ಲಿ ಸುಮಾರು ಮೂರರಲ್ಲಿ ಒಂದಲ್ಲ ಒಂದು ರೂಪದಲ್ಲಿದೆ ಎಂದು ಅವರು ಕಂಡುಕೊಂಡರು. ರೋಗದ ಮೂಲ ವಾಣಿಜ್ಯಬುದ್ಧಿ. ಅದನ್ನು ಕೀಳಬಲ್ಲವನು ಸಂಸ್ಥೆಯ ಅಧ್ಯಕ್ಷ. ಇದು ಅವರ ನಿರ್ಣಯ.

ಈ ನಿರ್ಣಯವನ್ನು ಅಕ್ಷರಶಃ ನಡೆಸಿ ತೋರಿಸಿದವರೊಬ್ಬರು ದೊರಕಿದರು. ಷಿಕಾಗೊ ವಿಶ್ವವಿದ್ಯಾನಿಲಯ 1892ರಲ್ಲಿ ಬಾಗಿಲು ತೆರೆದಾಗ ಅದರ ಮೊದಲ ಅಧ್ಯಕ್ಷ ವಿಲಿಯಂ ಹಾರ್ಪರರು ಅಮಾಸ್ ಅಲಾಂಜೊ ಸ್ಟ್ಯಾಗ್ ಎಂಬ ತರಬೇತುದಾರರಿಗೆ ಬೋಧಕವರ್ಗದಲ್ಲಿಯೇ ಸ್ಥಾನ ಕೊಟ್ಟಿದ್ದರು. ಹೊಸ ಸಂಸ್ಥೆಯ ಹೆಸರು ಹಬ್ಬಲು ಫುಟ್‌ಬಾಲ್ ನೆರವಾಯಿತು. ಅದೇ ಸಂಸ್ಥೆಯ ಇನ್ನೊಬ್ಬ ಅಧ್ಯಕ್ಷ ರಾಬರ್ಟ್ ಮೇನಾರ್ಡ್ ಹಚಿನ್ಸರು 1938ರ ಡಿಸೆಂಬರಿನಲ್ಲಿ ಒಂದು ಜನಪ್ರಿಯ ಪತ್ರಿಕೆಯಲ್ಲಿ ಕಾಲೇಜು ಫುಟ್‌ಬಾಲಿನ ಹಣದಾಸೆಯನ್ನು ಖಂಡಿಸಿ ಬರೆದರು. ಮರುವರ್ಷ ಷಿಕಾಗೊ ತಂಡ ಮಿಷಿಗನ್ ತಂಡದ ಎದುರು 85-0 ಅಂತರದಿಂದ ಸೋತಿತು. ಆ ಡಿಸೆಂಬರಿನಲ್ಲಿಯೇ ಫುಟ್‌ಬಾಲನ್ನು ರದ್ದುಮಾಡಲಾಯಿತು. ಬರಿದಾದ ಆ ಕ್ರೀಡಾಂಗಣದ ಗ್ಯಾಲರಿಯ ಕೆಳಗೆ 1942ರ ಡಿಸೆಂಬರ್ 2ರಂದು ಫರ್ಮಿಯವರ ತಂಡ ಪರಮಾಣು ಸರಣಿಕ್ರಿಯೆಯನ್ನು ಸಾಧಿಸಿದ್ದು ಎಲ್ಲರೂ ಬಲ್ಲ ಸಂಗತಿ. ವಿದ್ಯೆ ಆಟವನ್ನು ಗೆದ್ದಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಡವೆಂದು ಹಲವರು ಬರೆದಿದ್ದಾರೆ.

ಆದರೆ ಈ ದೃಷ್ಟಾಂತ ಎಷ್ಟು ದೂರ ಸಲ್ಲುತ್ತದೆ? ಷಿಕಾಗೊ ರಾಕ್‌ಫೆಲ್ಲರರ ಸಂಪತ್ತಿನಿಂದ ಹುಟ್ಟಿದ ಸಂಸ್ಥೆ. 1939ರ ವೇಳೆಗೆ ಅದರ ಕೀರ್ತಿ ಪ್ರಯೋಗಶಾಲೆಗಳ ಮೇಲೂ ಗ್ರಂಥಭಂಡಾರದ ಮೇಲೂ ನಿಂತಿತ್ತು. ಫುಟ್‌ಬಾಲ್ ಹೋದರೆ ವಿದ್ಯಾರ್ಥಿಗಳು ಬಾರದೆ ಹೋದಾರೆಂಬ ಭಯ ಅದನ್ನು ಕಾಡಬೇಕಾಗಿರಲಿಲ್ಲ. ಕಾರ್ನೆಗಿ ವರದಿಯ ದೋಷವೂ ಇಲ್ಲಿಯೇ ಇದೆ. ಟಿಕೆಟ್ಟಿನ ಹಣವೆಂಬ ಪ್ರವಾಹ ಎಲ್ಲೆಡೆಯೂ ಹರಿಯುತ್ತದೆಂದು ಅದು ಭಾವಿಸಿ, ಆ ಪ್ರವಾಹವನ್ನು ತಡೆಯುವುದು ಹೇಗೆಂದು ಚಿಂತಿಸಿತು. ಪ್ರೇಕ್ಷಕರು ಕೆಲವೇ ನೂರು ಮಂದಿಯಾಗಿರುವ ಊರಿನಲ್ಲಿ ತಡೆಯಬೇಕಾದ ಪ್ರವಾಹವೇ ಇಲ್ಲ. ಆದರೂ ಅಲ್ಲಿ ತರಬೇತುದಾರರಿಗೆ ಸಂಬಳವಾಗುತ್ತದೆ, ತಂಡಗಳು ದೂರದೂರುಗಳಿಗೆ ಹೋಗಿಬರುತ್ತವೆ. ಆ ಹಣ ಬರುವುದೆಲ್ಲಿಂದ? 1929ರ ವರದಿಯನ್ನು ಈ ಪ್ರಶ್ನೆಯನ್ನಿಟ್ಟುಕೊಂಡು ಓದಿದವರಿಗೆ ತೃಪ್ತಿಯಾಗದು.

3

ಷುಲ್ಮನ್ ಮತ್ತು ಬೋವನ್ ಅವರ ಗ್ರಂಥ ಬೇರೆ ಬಗೆಯದು. ಬೋವನ್ನರು ಪ್ರಿನ್‌ಸ್ಟನ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದವರು, ಅರ್ಥಶಾಸ್ತ್ರಜ್ಞರು. ನೀತಿಬೋಧೆಯ ಬದಲು ಅಂಕೆಸಂಖ್ಯೆಗಳಿಂದ ಮಾತನಾಡಬೇಕೆಂಬುದು ಅವರ ಸಂಕಲ್ಪ. ಪ್ರವೇಶಕ್ಕೆ ಕಠಿಣ ಸ್ಪರ್ಧೆಯಿರುವ 30 ಸಂಸ್ಥೆಗಳಿಗೆ 1951, 1976 ಮತ್ತು 1989ನೆಯ ಇಸವಿಗಳಲ್ಲಿ ಸೇರಿದ ವಿದ್ಯಾರ್ಥಿಗಳ ದಾಖಲೆಗಳನ್ನು ಅವರು ಹೋಲಿಸಿದರು. ಅವರ ಕೆಲವು ಫಲಿತಾಂಶಗಳು ರೂಢಿಯ ನಂಬಿಕೆಗಳನ್ನು ಬುಡಮೇಲು ಮಾಡಿದವು. ಗೆಲ್ಲುವ ತಂಡವಿದ್ದರೆ ಹಳೆಯ ವಿದ್ಯಾರ್ಥಿಗಳು ಉದಾರವಾಗಿ ದಾನ ಕೊಡುತ್ತಾರೆಂಬ ಮಾತಿಗೆ ದೊಡ್ಡ ಪಂದ್ಯಗಳ ಸಂಸ್ಥೆಗಳಲ್ಲಿ ಆಧಾರ ದೊರೆಯಲಿಲ್ಲ. ದೊರೆತ ಅಲ್ಪಸ್ವಲ್ಪ ಆಧಾರವೂ ವಿಚಿತ್ರವೆಂಬಂತೆ ಸಣ್ಣ ಕಾಲೇಜುಗಳಲ್ಲಿಯೇ ದೊರೆಯಿತು. ಇನ್ನೂ ಮುಖ್ಯವಾದುದು ಮತ್ತೊಂದು. ಕ್ರೀಡೆಯ ಭಾರ ದೊಡ್ಡ ವಿಶ್ವವಿದ್ಯಾನಿಲಯಕ್ಕಿಂತ ಸಣ್ಣ ಕಾಲೇಜಿನ ಮೇಲೆಯೇ ಹೆಚ್ಚು ಎಂದು ಅವರು ತೋರಿಸಿದರು. ಮೂವತ್ತು ಸಾವಿರ ವಿದ್ಯಾರ್ಥಿಗಳ ನಡುವೆ ಏಳುನೂರು ಮಂದಿ ಆಟಗಾರರು ಕಾಣಿಸುವುದೇ ಇಲ್ಲ. ಒಂದೂವರೆ ಸಾವಿರ ಮಂದಿಯ ಕಾಲೇಜಿಗೂ ಅಷ್ಟೇ ಬಗೆಯ ಆಟಗಳು, ಪ್ರತಿಯೊಂದು ಆಟಕ್ಕೂ ಅಷ್ಟೇ ಮಂದಿ ಬೇಕು. ಆಗ ತರಗತಿಯಲ್ಲಿ ಮೂವರಿಗೊಬ್ಬನೋ ನಾಲ್ವರಿಗೊಬ್ಬನೋ ಆಟಗಾರನಾಗುತ್ತಾನೆ.

ಈ ಮಾತು ಎಷ್ಟು ನಿಜವೆಂಬುದಕ್ಕೆ ಗ್ರಂಥ ಹೊರಬರುವುದಕ್ಕೆ ಸ್ವಲ್ಪ ಮುಂಚೆಯೇ ಸಾಕ್ಷ್ಯ ದೊರಕಿತ್ತು. ಅವರು ಅಭ್ಯಸಿಸಿದ ಸಂಸ್ಥೆಗಳಲ್ಲೊಂದಾದ ಪೆನ್ಸಿಲ್ವೇನಿಯದ ಸ್ವಾರ್ಥ್‌ಮೋರ್ ಕಾಲೇಜು 2000ದ ಡಿಸೆಂಬರಿನಲ್ಲಿ ಫುಟ್‌ಬಾಲನ್ನು ಕೈಬಿಟ್ಟಿತು. ಎಲ್ಲ ತಂಡಗಳಿಗೂ ತಕ್ಕ ಆಟಗಾರರನ್ನು ಆರಿಸಿ ಕರೆತರುತ್ತ ಹೋದರೆ ಪ್ರವೇಶದ ಸ್ಥಾನಗಳಲ್ಲಿ ಅತಿಯಾದ ಪಾಲು ಅವರಿಗೇ ಮೀಸಲಾಗುತ್ತದೆ ಎಂಬುದು ಅಲ್ಲಿಯ ಆಡಳಿತ ಮಂಡಲಿಯ ವಾದ. ಒಬ್ಬ ಆಟಗಾರನಿಗೆ ಕೊಟ್ಟ ಸ್ಥಾನ ಇನ್ನೊಬ್ಬ ಪ್ರತಿಭಾವಂತನಿಗೆ ತಪ್ಪಿದ ಸ್ಥಾನ. ಷುಲ್ಮನ್ ಮತ್ತು ಬೋವನ್ ಅವರ ಗ್ರಂಥದ ಜೀವಾಳವೂ ಇದೇ ತರ್ಕ.

ನಾವು ಈ ಗ್ರಂಥದಿಂದ ಭಿನ್ನಾಭಿಪ್ರಾಯ ಹೊಂದುವುದು ಇಲ್ಲಿಯೇ. ಈ ತರ್ಕ ಸ್ಥಾನಗಳಿಗಾಗಿ ನೂಕುನುಗ್ಗಲಿರುವ ಕಡೆ ಮಾತ್ರ ಸಲ್ಲುತ್ತದೆ. ಸ್ವಾರ್ಥ್‌ಮೋರ್, ವಿಲಿಯಮ್ಸ್‌ಗಳಂಥ ಕಾಲೇಜುಗಳಲ್ಲಿ ಒಂದು ಸ್ಥಾನಕ್ಕೆ ಹಲವರು ಕಾದಿರುತ್ತಾರೆ. ಆದರೆ ಅಮೆರಿಕದ ಬಹುಸಂಖ್ಯೆಯ ಸಣ್ಣ ಕಾಲೇಜುಗಳಲ್ಲಿ ಬೆಂಚುಗಳು ಖಾಲಿಯಿವೆ. ಅಲ್ಲಿ ಆಟಗಾರ ಯಾರ ಸ್ಥಾನವನ್ನೂ ಕಿತ್ತುಕೊಳ್ಳುವುದಿಲ್ಲ. ಖಾಲಿಯಿದ್ದ ಬೆಂಚಿನ ಮೇಲೆ ಕುಳಿತು ಶುಲ್ಕ ಕೊಡುತ್ತಾನೆ. ಸ್ವಾರ್ಥ್‌ಮೋರ್ 2000ದಲ್ಲಿ ಫುಟ್‌ಬಾಲನ್ನು ಬಿಟ್ಟಿತು. ಅಲಬಾಮದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು 2007ರಲ್ಲಿ ಫುಟ್‌ಬಾಲನ್ನು ಆರಂಭಿಸಿತು. ಎರಡೂ ಸಣ್ಣ ಕಾಲೇಜುಗಳೇ. ಒಂದರಲ್ಲಿ ಆಟಗಾರ ಇನ್ನೊಬ್ಬನಿಗೆ ಎರವು, ಇನ್ನೊಂದರಲ್ಲಿ ಅವನೇ ಬೊಕ್ಕಸಕ್ಕೆ ಆಧಾರ. ಮೂವತ್ತು ಸಿರಿವಂತ ಸಂಸ್ಥೆಗಳನ್ನು ನೋಡಿ ಸಣ್ಣ ಕಾಲೇಜಿನ ಸ್ವರೂಪವಿದು ಎಂದು ಓದುಗರು ತಿಳಿದುಕೊಂಡರೆ ಆ ತಪ್ಪು ಓದುಗರದೇ ಇರಬಹುದು. ಗ್ರಂಥಕರ್ತರು ತಮ್ಮ ಮಿತಿಯನ್ನು ಮುಚ್ಚಿಟ್ಟಿಲ್ಲ. ಆದರೂ ಅವರ ಗ್ರಂಥದ ಪ್ರಭಾವ ಅವರ ಎಚ್ಚರಿಕೆಯ ಮಾತುಗಳಿಗಿಂತ ದೂರ ಹಬ್ಬಿದೆ.

4

ಸಣ್ಣ ಸಂಸ್ಥೆಯ ಕ್ರೀಡಾವೆಚ್ಚಕ್ಕೆ ಹಣ ಒದಗುವ ದಾರಿಗಳು ಮುಖ್ಯವಾಗಿ ಎರಡು. ಇವನ್ನು ತಿಳಿಯಲು ಎನ್‌ಸಿಎಎ 1973ರಲ್ಲಿ ಮಾಡಿದ ವಿಭಾಗವನ್ನು ನೆನಪಿಡಬೇಕು. ಪ್ರಥಮ ವರ್ಗದ ಸಂಸ್ಥೆಗಳು ಆಟದ ಕಾರಣಕ್ಕಾಗಿಯೇ ವಿದ್ಯಾರ್ಥಿವೇತನ ಕೊಡಬಹುದು. ತೃತೀಯ ವರ್ಗದವು ಹಾಗೆ ಕೊಡುವಂತಿಲ್ಲ. ಬಡತನ, ವಿದ್ಯೆ ಮೊದಲಾದ ಬೇರೆ ಕಾರಣಗಳಿಗಾಗಿ ಕೊಡುವ ನೆರವು ಆಟಗಾರನಿಗೂ ಸಲ್ಲಬಹುದು. ಪ್ರಥಮ ವರ್ಗದಲ್ಲಿ ಟೆಲಿವಿಷನ್ ಒಪ್ಪಂದಗಳಿಂದ ಕೋಟ್ಯಂತರ ಡಾಲರು ಗಳಿಸುವ ಸಂಸ್ಥೆಗಳೂ ಇವೆ, ಹೆಸರೇ ಕೇಳಿಬಾರದ ಸಣ್ಣ ವಿಶ್ವವಿದ್ಯಾನಿಲಯಗಳೂ ಇವೆ. ವರ್ಗ ಒಂದೇ, ಬೊಕ್ಕಸ ಒಂದೇ ಅಲ್ಲ.

ಮೊದಲನೆಯ ದಾರಿ ಎಲ್ಲ ವಿದ್ಯಾರ್ಥಿಗಳ ಶುಲ್ಕ. ಪ್ರಥಮ ವರ್ಗದ ಸಣ್ಣ ಸಂಸ್ಥೆಗಳಲ್ಲಿ ಕ್ರೀಡಾವಿಭಾಗದ ಆದಾಯವೆಂದು ಬರೆಯುವ ಮೊಬಲಗಿನ ಬಹುಪಾಲು ಟಿಕೆಟ್ಟಿನಿಂದ ಬರುವುದಿಲ್ಲ. ಸಂಸ್ಥೆಯ ಸಾಮಾನ್ಯ ನಿಧಿಯಿಂದಲೂ ವಿದ್ಯಾರ್ಥಿಗಳು ಕಡ್ಡಾಯವಾಗಿ ಕೊಡುವ ಶುಲ್ಕದಿಂದಲೂ ಬರುತ್ತದೆ. ಇದಕ್ಕೆ ವರ್ಜೀನಿಯ ರಾಜ್ಯದ ಶಾಸನಕ್ಕಿಂತ ಸ್ಪಷ್ಟವಾದ ಆಧಾರ ನಮಗೆ ಕಾಣದು. ಆ ರಾಜ್ಯದ ಶಾಸನಸಭೆ 2015ರಲ್ಲಿ ಸರ್ಕಾರಿ ವಿಶ್ವವಿದ್ಯಾನಿಲಯಗಳ ಕ್ರೀಡಾ ಆದಾಯದಲ್ಲಿ ವಿದ್ಯಾರ್ಥಿಶುಲ್ಕ ಮತ್ತು ಸಂಸ್ಥೆಯ ಸಹಾಯಧನಗಳ ಪಾಲು ಇಷ್ಟನ್ನು ಮೀರಕೂಡದೆಂದು ಮಿತಿ ಹಾಕಿತು. ಅತ್ಯಂತ ಪ್ರಬಲ ಕೂಟಗಳಿಗೆ ಸೇರಿದ ಸಂಸ್ಥೆಗಳಿಗೆ ಶೇಕಡ 20. ಫುಟ್‌ಬಾಲಿನ ಉನ್ನತ ಶ್ರೇಣಿಯ ಉಳಿದವಕ್ಕೆ ಶೇಕಡ 55. ಅದರ ಕೆಳಗಿನ ಶ್ರೇಣಿಗೆ ಶೇಕಡ 70. ಫುಟ್‌ಬಾಲ್ ತಂಡವೇ ಇಲ್ಲದ ಪ್ರಥಮ ವರ್ಗದ ಸಂಸ್ಥೆಗಳಿಗೆ ಶೇಕಡ 78. ಶಾಸನವನ್ನು ಇತಿಹಾಸದ ಆಕರವಾಗಿ ಓದುವ ಅಭ್ಯಾಸವುಳ್ಳವರು ಈ ಅಂಕೆಗಳ ಅರ್ಥವನ್ನು ಗಮನಿಸಬೇಕು. ವಿದ್ಯಾರ್ಥಿಗಳ ಹೊರೆಯನ್ನು ಇಳಿಸಬೇಕೆಂದು ಹೊರಟ ಶಾಸನವೇ ಸಣ್ಣ ಸಂಸ್ಥೆಗಳ ವಿಷಯದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಸಹಜವೆಂದು ಒಪ್ಪಿಕೊಂಡಿತು. ಸಂಸ್ಥೆ ಸಣ್ಣದಾದಷ್ಟೂ ಆಟದ ಭಾರ ಆಡದವರ ಮೇಲೆ ಬೀಳುತ್ತದೆ. ‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂಬ ನಮ್ಮ ಗಾದೆ ಈ ಸಂದರ್ಭಕ್ಕಾಗಿಯೇ ಹುಟ್ಟಿದಂತಿದೆ. ಸಾಲ ಮಾಡಿ ಓದುವ ವಿದ್ಯಾರ್ಥಿ ತಾನು ಒಮ್ಮೆಯೂ ನೋಡದ ಪಂದ್ಯಗಳ ವೆಚ್ಚವನ್ನು ಪದವಿ ಪಡೆದ ಎಷ್ಟೋ ವರ್ಷಗಳವರೆಗೆ ಬಡ್ಡಿಸಹಿತ ತೀರಿಸುತ್ತಿರುತ್ತಾನೆ.

ಇಂಥ ಸ್ಥಿತಿಯಲ್ಲಿಯೂ ಸಣ್ಣ ಸಂಸ್ಥೆಗಳು ಪ್ರಥಮ ವರ್ಗವನ್ನು ಬಿಡದಿರುವುದೇಕೆ? ದೊಡ್ಡವರೊಡನೆ ಒಂದೇ ಪಟ್ಟಿಯಲ್ಲಿ ಹೆಸರು ಬರುತ್ತದೆ. ಮಾರ್ಚ್ ತಿಂಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಲ್ಲಿ ಒಂದು ದಿನವಾದರೂ ದೇಶವೆಲ್ಲ ತಮ್ಮನ್ನು ನೋಡುತ್ತದೆ ಎಂಬ ಆಸೆಯಿರುತ್ತದೆ. ಆ ಒಂದು ದಿನ ಬಂದಾಗ ಏನಾಯಿತೆಂಬುದಕ್ಕೆ ಎರಡು ನಿದರ್ಶನಗಳಿವೆ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ವಿಶ್ವವಿದ್ಯಾನಿಲಯದ ಪುರುಷರ ತಂಡ 2021ರ ಮಾರ್ಚಿನಲ್ಲಿ ಮೊತ್ತಮೊದಲ ಬಾರಿಗೆ ಆ ಪಂದ್ಯಾವಳಿಯನ್ನು ಪ್ರವೇಶಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಪ್ರಥಮ ವರ್ಗದಿಂದ ತೃತೀಯ ವರ್ಗಕ್ಕೆ ಇಳಿಯಲು ಆಡಳಿತ ಮಂಡಲಿ ನಿರ್ಣಯಿಸಿತು; ವರ್ಷಕ್ಕೆ 92 ಲಕ್ಷ ಡಾಲರು ಉಳಿಯುವುದೆಂದು ಸಲಹೆಗಾರರು ಅಂದಾಜು ಮಾಡಿದ್ದರು. ಪೆನ್ಸಿಲ್ವೇನಿಯದ ಲೊರೆಟ್ಟೊ ಎಂಬ ಸಣ್ಣ ಊರಿನ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾನಿಲಯದ ತಂಡ 2025ರ ಮಾರ್ಚ್ 18ರಂದು ಅದೇ ಪಂದ್ಯಾವಳಿಯಲ್ಲಿ ಎರಡೇ ಅಂಕಗಳಿಂದ ಸೋತಿತು. ವಾರ ಕಳೆಯುವಷ್ಟರಲ್ಲಿ ಆ ಸಂಸ್ಥೆಯೂ ತೃತೀಯ ವರ್ಗಕ್ಕೆ ಹೋಗುವುದಾಗಿ ಪ್ರಕಟಿಸಿತು. ಬಯಸಿದ ಕೀರ್ತಿ ಕೈಗೆ ಬಂದ ವರ್ಷವೇ ಅದರ ಬೆಲೆಯನ್ನು ತೆರಲಾರೆವೆಂದು ಎರಡೂ ಸಂಸ್ಥೆಗಳು ಹೇಳಿದುದು ಗಮನಾರ್ಹ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಕಥೆಯಲ್ಲಿ ಬರೆಯ ಉರಿಯನ್ನು ಲೆಕ್ಕ ಹಾಕಿದ ನರಿಗಳೆಂದು ಇವನ್ನು ಕರೆಯಬಹುದೇನೋ.

ದೊಡ್ಡವರ ಸಂಗ ಇನ್ನೊಂದು ರೀತಿಯಲ್ಲಿಯೂ ದುಬಾರಿಯಾಯಿತು. ಆಟಗಾರರಿಗೆ ಹಿಂದೆ ಸಲ್ಲದ ಪ್ರತಿಫಲಕ್ಕಾಗಿ ಸುಮಾರು 280 ಕೋಟಿ ಡಾಲರುಗಳನ್ನು ಹತ್ತು ವರ್ಷಗಳಲ್ಲಿ ಕೊಡಬೇಕೆಂಬ ರಾಜಿಗೆ 2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿಗೆ ಕೊಟ್ಟಿತು. ಒಪ್ಪಿಕೊಂಡ ಸಂಸ್ಥೆಗಳು ಮೊದಲ ವರ್ಷದಲ್ಲಿ ತಲಾ ಸುಮಾರು 2 ಕೋಟಿ 5 ಲಕ್ಷ ಡಾಲರಿನವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದೆಂದೂ ಗೊತ್ತಾಯಿತು. ಹಿಂದಿನ ಬಾಕಿಯ ಒಂದು ಪಾಲನ್ನು ಎನ್‌ಸಿಎಎ ತಾನು ಪ್ರಥಮ ವರ್ಗದ ಸಂಸ್ಥೆಗಳಿಗೆ ಹಂಚುತ್ತಿದ್ದ ಹಣದಲ್ಲಿ ಕಡಿತ ಮಾಡಿ ತುಂಬುತ್ತದೆ. ಟೆಲಿವಿಷನ್ನಿನ ಐಶ್ವರ್ಯವನ್ನು ಎಂದೂ ಕಾಣದ ಸಂಸ್ಥೆಯೂ ಆ ಐಶ್ವರ್ಯದ ಋಣದಲ್ಲಿ ಪಾಲುಗಾರನಾಯಿತು.

5

ಎರಡನೆಯ ದಾರಿ ಆಟಗಾರರದೇ ಶುಲ್ಕ. ತೃತೀಯ ವರ್ಗದ ಸಣ್ಣ ಕಾಲೇಜು ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ಆಡುವ ಆಸೆಯಿಂದ ಬಂದ ಹುಡುಗ ಉಳಿದವರಂತೆ ಶುಲ್ಕ ಕೊಡುತ್ತಾನೆ. ಆದುದರಿಂದ ಹೊಸ ತಂಡವೆಂದರೆ ಹೊಸ ವಿದ್ಯಾರ್ಥಿಗಳು, ಹೊಸ ವಿದ್ಯಾರ್ಥಿಗಳೆಂದರೆ ಹೊಸ ಆದಾಯ ಎಂದು ಆಡಳಿತಗಾರರು ವಾದಿಸುತ್ತಾರೆ. ಈ ವಾದವನ್ನು ಒಂದು ಊಹೆಯ ಲೆಕ್ಕದಿಂದ ಪರೀಕ್ಷಿಸೋಣ. ಅಂಕೆಗಳು ನಮ್ಮವು, ಲೆಕ್ಕದ ಬಗೆ ಮಾತ್ರ ಅಲ್ಲಿಯದು.

ಒಂದು ಕಾಲೇಜು ಫುಟ್‌ಬಾಲ್ ತಂಡವನ್ನು ಆರಂಭಿಸಿ 100 ಮಂದಿಯನ್ನು ಸೇರಿಸಿಕೊಂಡಿತೆನ್ನೋಣ. ಪ್ರಕಟಿತ ಶುಲ್ಕ 40,000 ಡಾಲರು. ಪ್ರತಿಯೊಬ್ಬನಿಗೂ ಕೊಟ್ಟ ರಿಯಾಯಿತಿ 25,000. ಕೈಗೆ ಬರುವುದು 15,000. ನೂರು ಮಂದಿಯಿಂದ 15 ಲಕ್ಷ. ತಂಡದ ವಾರ್ಷಿಕ ವೆಚ್ಚ 7 ಲಕ್ಷ. ಲಾಭ 8 ಲಕ್ಷ. ಆಡಳಿತ ಮಂಡಲಿಯ ಮುಂದೆ ಬರುವ ಲೆಕ್ಕ ಇದು. ಈಗ ಎರಡು ಪ್ರಶ್ನೆ ಕೇಳಬೇಕು. ಈ ನೂರರಲ್ಲಿ ತಂಡವಿಲ್ಲದಿದ್ದರೂ ಬರುತ್ತಿದ್ದವರು ಎಷ್ಟು ಮಂದಿ? ನಲವತ್ತು ಎಂದಿಟ್ಟುಕೊಂಡರೆ ತಂಡದ ದೆಸೆಯಿಂದ ಬಂದ ಆದಾಯ ಅರವತ್ತು ಮಂದಿಯದು ಮಾತ್ರ, ಅಂದರೆ 9 ಲಕ್ಷ. ಆ ಅರವತ್ತು ಮಂದಿಗೆ ಪಾಠ ಹೇಳಲು, ಅವರ ವಸತಿಯನ್ನು ನೋಡಿಕೊಳ್ಳಲು ಆಗುವ ಹೆಚ್ಚಿನ ಖರ್ಚೆಷ್ಟು? ತಲೆಗೆ 4,000 ಎಂದರೆ 2 ಲಕ್ಷ 40 ಸಾವಿರ. ಈಗ 9 ಲಕ್ಷದ ಎದುರಿಗೆ 9 ಲಕ್ಷ 40 ಸಾವಿರ ಖರ್ಚು ನಿಂತಿತು. ಎಂಟು ಲಕ್ಷದ ಲಾಭ ನಲವತ್ತು ಸಾವಿರದ ನಷ್ಟವಾಯಿತು. ಅಂಗಳವನ್ನು ಕಟ್ಟಲು ಮಾಡಿದ ಸಾಲ ಇದರಲ್ಲಿ ಇನ್ನೂ ಸೇರಿಲ್ಲ; ಅದು ಬಹುಮಟ್ಟಿಗೆ ಕಟ್ಟಡಗಳ ಬಾಬ್ತಿನಲ್ಲಿ ಅಡಗಿರುತ್ತದೆ. ಇಡೀ ಲೆಕ್ಕ ನಿಂತಿರುವುದು ‘ತಂಡವಿಲ್ಲದಿದ್ದರೂ ಬರುತ್ತಿದ್ದವರು ಎಷ್ಟು’ ಎಂಬ ಅಂಕೆಯ ಮೇಲೆ. ಅದು ಯಾವ ಜಮಾಖರ್ಚಿನ ಪುಸ್ತಕದಲ್ಲಿಯೂ ಬರೆದಿರುವುದಿಲ್ಲ. ಫುಟ್‌ಬಾಲನ್ನು ಹೊಸದಾಗಿ ಆರಂಭಿಸಿದ ಕಾಲೇಜುಗಳನ್ನು ಹಾಗೆ ಮಾಡದವುಗಳೊಡನೆ ಹೋಲಿಸಿ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನವೂ ಆರಂಭದಲ್ಲಿ ಕಂಡ ಏರಿಕೆ ನಿಲ್ಲಲಿಲ್ಲವೆಂದೇ ಹೇಳಿತು.

ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜಿನ ಕಥೆಯನ್ನು ಈ ಬೆಳಕಿನಲ್ಲಿ ಓದಬೇಕು. 1856ರಲ್ಲಿ ಸ್ಥಾಪಿತವಾದ ಸಂಸ್ಥೆ. 1918ರಲ್ಲಿ ಎರಡು ಕಾಲೇಜುಗಳು ಕೂಡಿ ಈ ಹೆಸರನ್ನು ಪಡೆದವು. ಪ್ರಥಮ ವರ್ಗದ ವೆಚ್ಚವನ್ನು ತಾಳಲಾರದೆ ಅದು 2006ರಲ್ಲಿ ತೃತೀಯ ವರ್ಗಕ್ಕೆ ಇಳಿಯಲು ನಿರ್ಣಯಿಸಿತು. ಮರುವರ್ಷ ಫುಟ್‌ಬಾಲ್ ತಂಡ ಆಡತೊಡಗಿತು. ಮೊದಲನೆಯ ದಾರಿಯನ್ನು ಬಿಟ್ಟು ಎರಡನೆಯದನ್ನು ಹಿಡಿದ ಸಂಸ್ಥೆ ಇದು. ವಿವೇಕದ ಹೆಜ್ಜೆಯೆಂದು ಅಂದು ಹೊಗಳಿದವರುಂಟು. ಆದರೆ 2010ರಲ್ಲಿ ವಿದ್ಯಾರ್ಥಿ ನೆರವಿನ ಲೆಕ್ಕಪತ್ರಗಳಲ್ಲಿ ಭಾರಿ ತಪ್ಪು ಪತ್ತೆಯಾಗಿ ಕಾಲೇಜು ತತ್ತರಿಸಿತು. ಮುಂದೆ ವಿದ್ಯಾರ್ಥಿಗಳ ಸಂಖ್ಯೆ ಸಾವಿರಕ್ಕಿಂತ ಕೆಳಗಿಳಿಯಿತು. ರಾಜ್ಯದಿಂದ 3 ಕೋಟಿ ಡಾಲರುಗಳ ಸಾಲಕ್ಕಾಗಿ ಮಾಡಿದ ಪ್ರಯತ್ನ ಫಲಿಸಲಿಲ್ಲ. 2024ರ ಮೇ 31ರಂದು ಕಾಲೇಜು ಮುಚ್ಚಿತು. ಅದೇ ದಿನ ಅದರ ಬೇಸ್‌ಬಾಲ್ ತಂಡ ಒಹಾಯೊ ರಾಜ್ಯದಲ್ಲಿ ತೃತೀಯ ವರ್ಗದ ಅಂತಿಮ ಪಂದ್ಯಾವಳಿಯಲ್ಲಿ ಆಡುತ್ತಿತ್ತು. ಮರುದಿನ ಆ ತಂಡ ಒಂದು ಪಂದ್ಯವನ್ನು ಗೆದ್ದಿತು. ಅದು ಮುಚ್ಚಿಹೋದ ಕಾಲೇಜಿನ ಗೆಲುವು.

ಕಾಲೇಜು ಮುಚ್ಚಿದುದಕ್ಕೆ ಕ್ರೀಡೆಯೇ ಕಾರಣವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವುದು ಅನ್ಯಾಯವಾದೀತು. ಸಾಲ, ಲೆಕ್ಕದ ತಪ್ಪು, ವಿದ್ಯಾರ್ಥಿಗಳ ಅಭಾವ ಇವೆಲ್ಲ ಕೂಡಿ ಬಂದ ವಿಪತ್ತು ಅದು. ಆದರೆ ಕ್ರೀಡೆ ಸಂಸ್ಥೆಯನ್ನು ಉಳಿಸುತ್ತದೆಂಬ ಮಾತಿಗೂ ಅಲ್ಲಿ ಆಧಾರ ದೊರೆಯಲಿಲ್ಲ. ಉತ್ತಮ ತಂಡವೂ ದಿವಾಳಿಯಾದ ಬೊಕ್ಕಸವೂ ಒಂದೇ ಆವರಣದಲ್ಲಿ ಕೊನೆಯ ದಿನದವರೆಗೆ ಒಂದನ್ನೊಂದು ಮುಟ್ಟದೆ ಬಾಳಿದವು.

6

ನಮ್ಮ ವಾದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಗ್ರಂಥಭಂಡಾರದಿಂದ ಲಾಭ ಬರುವುದಿಲ್ಲ, ಸಂಗೀತದ ತರಗತಿಯಿಂದಲೂ ಬರುವುದಿಲ್ಲ. ಆಟದಿಂದ ಮಾತ್ರ ಲಾಭವನ್ನೇಕೆ ಕೇಳಬೇಕು? ಕಾಲೇಜಿನ ಮುಖವನ್ನೇ ಕಾಣದ ಮನೆತನಗಳ ಎಷ್ಟೋ ಮಕ್ಕಳು ಆಟದ ದೆಸೆಯಿಂದಲೇ ಅಲ್ಲಿಗೆ ಬಂದಿದ್ದಾರೆ. ಈ ಆಕ್ಷೇಪವನ್ನು ನಾವು ಪೂರ್ಣವಾಗಿ ಒಪ್ಪುತ್ತೇವೆ. ಆಟ ವಿದ್ಯೆಯ ಅಂಗವಾದರೆ ಅದಕ್ಕೆ ಹಣ ಸಲ್ಲಬೇಕಾದದ್ದೇ. ಆದರೆ ಒಪ್ಪಿದ ಮೇಲೆ ಅದೇ ತರ್ಕವನ್ನು ಕೊನೆಯವರೆಗೂ ನಡೆಸಬೇಕು. ಗ್ರಂಥಭಂಡಾರದ ಬಾಗಿಲು ಎಲ್ಲರಿಗೂ ತೆರೆದಿದೆ. ಆಟದ ಬಾಗಿಲು ಎಷ್ಟು ಮಂದಿಗೆ ತೆರೆದಿದೆ?

ಈ ಪ್ರಶ್ನೆಯನ್ನು ನೇರವಾಗಿ ಕೇಳಿಕೊಂಡ ಒಂದು ಸಂಸ್ಥೆ ಅಟ್ಲಾಂಟದ ಸ್ಪೆಲ್ಮನ್ ಕಾಲೇಜು. ಕರಿಯ ಮಹಿಳೆಯರ ವಿದ್ಯಾಭ್ಯಾಸಕ್ಕಾಗಿ 1881ರಲ್ಲಿ ಹುಟ್ಟಿದುದು. 2012ರಲ್ಲಿ ಅಲ್ಲಿಯ ವಿದ್ಯಾರ್ಥಿನಿಯರು ಸುಮಾರು 2,100 ಮಂದಿ. ಅಂತರಕಾಲೇಜು ತಂಡಗಳಲ್ಲಿದ್ದವರು 80ರ ಆಸುಪಾಸು. ಆ ತಂಡಗಳಿಗಾಗುತ್ತಿದ್ದ ವೆಚ್ಚ ವರ್ಷಕ್ಕೆ 9 ಲಕ್ಷ ಡಾಲರುಗಳಷ್ಟು. ಅಂದರೆ ಆಡುವವಳೊಬ್ಬಳಿಗೆ 11,000 ಡಾಲರಿಗೂ ಹೆಚ್ಚು. ಅಧ್ಯಕ್ಷೆ ಬೆವರ್ಲಿ ಡೇನಿಯಲ್ ಟೇಟಮ್ ಅವರು ಉಳಿದ ಎರಡು ಸಾವಿರ ಮಂದಿಯ ಕಡೆ ನೋಡಿದರು. ಕರಿಯ ಮಹಿಳೆಯರಲ್ಲಿ ರಕ್ತದೊತ್ತಡ, ಮಧುಮೇಹಗಳ ಹಾವಳಿ ಹೆಚ್ಚೆಂಬುದು ಅವರ ಮನಸ್ಸಿನಲ್ಲಿತ್ತು. ಅಂತರಕಾಲೇಜು ಪಂದ್ಯಗಳನ್ನು ನಿಲ್ಲಿಸಿ, ಅದೇ ಹಣವನ್ನು ನಡಿಗೆ, ಈಜು, ವ್ಯಾಯಾಮ ಮೊದಲಾಗಿ ಎಲ್ಲ ವಿದ್ಯಾರ್ಥಿನಿಯರೂ ಜೀವಮಾನವೆಲ್ಲ ಮಾಡಬಹುದಾದ ಅಭ್ಯಾಸಗಳಿಗೆ ತಿರುಗಿಸುವುದಾಗಿ ಅವರು 2012ರ ನವೆಂಬರಿನಲ್ಲಿ ಸಾರಿದರು. ಹಳೆಯ ವ್ಯಾಯಾಮಶಾಲೆಯನ್ನು ವಿಸ್ತರಿಸಿ 2015ರಲ್ಲಿ ಆರೋಗ್ಯಕೇಂದ್ರವನ್ನಾಗಿ ತೆರೆಯಲಾಯಿತು. ಇಲ್ಲಿ ಉಳಿತಾಯವೆಂಬುದಿಲ್ಲ; ಹಣ ಕ್ರೀಡೆಯ ಬಾಬ್ತಿನಲ್ಲಿಯೇ ಉಳಿದು ಎಂಬತ್ತು ಮಂದಿಯಿಂದ ಎರಡು ಸಾವಿರ ಮಂದಿಗೆ ಹರಡಿತು.

ಎಲ್ಲ ಸಂಸ್ಥೆಗಳೂ ಸ್ಪೆಲ್ಮನ್‌ನಂತೆಯೇ ಮಾಡಬೇಕೆಂಬುದು ನಮ್ಮ ಮತವಲ್ಲ. ಆ ಎಂಬತ್ತು ಮಂದಿಗೆ ಆದ ನಷ್ಟ ನಿಜವಾದ ನಷ್ಟವೇ. ಹಾರ್ಟ್‌ಫರ್ಡಿನ ಆಟಗಾರರು ನ್ಯಾಯಾಲಯದ ಮೆಟ್ಟಿಲೇರಿದ್ದಕ್ಕೂ ಕಾರಣವಿತ್ತು. ಒಂದು ಮಾತನ್ನು ನಂಬಿ ಬಂದವರಿಗೆ ಬೇರೊಂದು ಮಾತು ಹೇಳಿದಂತಾಗಿತ್ತು. ಆದರೆ ಸ್ಪೆಲ್ಮನ್‌ನಲ್ಲಿ ಲೆಕ್ಕವನ್ನು ಎಲ್ಲರ ಮುಂದೆ ಬಿಚ್ಚಿಟ್ಟು, ಎಷ್ಟು ಹಣ, ಎಷ್ಟು ಮಂದಿಗೆ, ಏತಕ್ಕಾಗಿ ಎಂದು ಹೇಳಿ ತೀರ್ಮಾನ ಮಾಡಿದರು. ಕಾರ್ನೆಗಿ ವರದಿ ಆಟದಲ್ಲಿ ಲೋಭವನ್ನು ಹುಡುಕಿತು. ಷುಲ್ಮನ್ ಮತ್ತು ಬೋವನ್ ಪ್ರವೇಶದಲ್ಲಿ ಪಕ್ಷಪಾತವನ್ನು ಹುಡುಕಿದರು. ಸಣ್ಣ ಸಂಸ್ಥೆಯಲ್ಲಿ ಮೊದಲು ಹುಡುಕಬೇಕಾದುದು ಕೊಡುವವನ ಹೆಸರನ್ನು. ಆಡದ ವಿದ್ಯಾರ್ಥಿಯೋ, ಆಡಲು ಬಂದ ವಿದ್ಯಾರ್ಥಿಯೋ, ಮುಂದಿನ ತಲೆಮಾರಿನವರು ತೀರಿಸಬೇಕಾದ ಸಾಲವೋ ಎಂಬುದು ಗೊತ್ತಾದ ಬಳಿಕವೇ ಆ ವೆಚ್ಚ ಯೋಗ್ಯವೇ ಅಲ್ಲವೇ ಎಂಬ ಚರ್ಚೆಗೆ ಅರ್ಥ ಬರುತ್ತದೆ.

ನಮ್ಮ ನಾಡಿನ ಕಾಲೇಜುಗಳಲ್ಲಿ ಟೆಲಿವಿಷನ್ ಒಪ್ಪಂದಗಳಿಲ್ಲ, ಆಟಗಾರರಿಗಾಗಿ ಅಷ್ಟೊಂದು ಪೈಪೋಟಿಯೂ ಇಲ್ಲ. ಆದರೆ ವರ್ಷದ ಆರಂಭದಲ್ಲಿ ಶುಲ್ಕ ಕಟ್ಟುವಾಗ ಕೊಡುವ ರಶೀದಿಯಲ್ಲಿ ಕ್ರೀಡಾಶುಲ್ಕವೆಂಬ ಒಂದು ಬಾಬ್ತು ಇಲ್ಲಿಯೂ ಇರುತ್ತದೆ. ಮೊಬಲಗು ಅಲ್ಪ, ಕೊಡುವವರು ಎಲ್ಲರೂ. ಅದು ಯಾವ ಆಟಕ್ಕೆ, ಎಷ್ಟು ಮಂದಿಗೆ, ಯಾವ ಅಂಗಳಕ್ಕೆ ಸಂದಿತು ಎಂಬುದನ್ನು ವರ್ಷಕ್ಕೊಮ್ಮೆ ಸೂಚನಾಫಲಕದಲ್ಲಿ ಅಂಟಿಸಲು ಒಂದು ಹಾಳೆ ಸಾಕು. ಅಂಥ ಹಾಳೆಗಳನ್ನು ಜೋಪಾನವಾಗಿ ಕಾಯ್ದಿಟ್ಟರೆ ಮುಂದೆ ಈ ವಿಷಯವನ್ನು ಕುರಿತು ಬರೆಯುವ ನಮ್ಮ ವಿದ್ಯಾರ್ಥಿಗಳಿಗೆ ಊಹೆಯ ಲೆಕ್ಕಗಳನ್ನು ಹಾಕುವ ಅಗತ್ಯ ಬೀಳಲಾರದು.